ಕೀಮಾ ಕಳಚದ ಗೌಜಲಕ್ಕಿ ಸೀಖ್ ಕಬಾಬ್

ಮನೆಯಲ್ಲಿ ಸೀಖ್ ಕಬಾಬ್ ಮಾಡಲು ಹೊರಟವರನ್ನೆಲ್ಲ ಮೊದಲು ಕಾಡುವ ಪೇಚು ಒಂದೇ. ಸಲಾಕೆಗೆ ಒತ್ತಿದ ಕೀಮಾ ಒಂದೆರಡು ನಿಮಿಷದಲ್ಲಿ ಸಡಿಲವಾಗಿ, ಕೈ ಚಾಚುವಷ್ಟರಲ್ಲಿ ಕೆಂಡಕ್ಕೆ ಬಿದ್ದಿರುತ್ತದೆ. ಕುರಿಮಾಂಸದಲ್ಲಿ ಕೊಬ್ಬು ಇರುವುದರಿಂದ ಅದನ್ನು ಹೇಗೋ ಸುಧಾರಿಸಬಹುದು. ಹಕ್ಕಿಯ ಮಾಂಸಕ್ಕೆ ಆ ಅನುಕೂಲವಿಲ್ಲ. ಗೌಜಲಕ್ಕಿಯ ಕೀಮಾವಂತೂ ಬೀಳದೆ ಉಳಿದರೂ ಒಣಗಿ ರಬ್ಬರಾಗುವ ಭಯ ಇದ್ದೇ ಇರುತ್ತದೆ. ಆದರೆ ಹದ ತಿಳಿದು ಸುಟ್ಟರೆ ಬ್ರಾಯ್ಲರ್ ಕೋಳಿಯ ಯಾವ ಕಬಾಬೂ ಇದರ ರುಚಿಯ ಹತ್ತಿರ ಬರುವುದಿಲ್ಲ. ಬೇಕಾದಷ್ಟು ಕೊಬ್ಬು ಸೇರಿಸಬೇಕು, ಬೇಡದ ನೀರು ಹಿಂಡಬೇಕು, ಕೀಮಾ ತಣ್ಣಗಿರಬೇಕು, ಕೆಂಡದಲ್ಲಿ ಉರಿ ಇರಬಾರದು. ಮಸಾಲೆಯ ಮಾತು ಇವೆಲ್ಲದರ ನಂತರ.

ಮೊದಲು ಹಕ್ಕಿ ಯಾವುದು ಎಂಬುದು ಸ್ಪಷ್ಟವಿರಲಿ. ಇಲ್ಲಿ ಹೇಳುತ್ತಿರುವುದು ಫಾರಂಗಳಲ್ಲಿ ಸಾಕುವ ಜಪಾನಿ ಗೌಜಲಕ್ಕಿ. ಮಾಂಸದಂಗಡಿಯಲ್ಲಿ ‘ಕ್ವೇಲ್’ ಎಂದು ಕೇಳಿದರೂ ‘ಬಟೇರ್’ ಎಂದು ಕೇಳಿದರೂ ಕೊಡುವುದು ಇದನ್ನೇ. 1974ರಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿಯ ಇಜ್ಜತ್‌ನಗರಕ್ಕೆ ಈ ಹಕ್ಕಿಯನ್ನು ತರಲಾಯಿತು. ಅಲ್ಲಿನ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಮುಂದೆ ಇದರ ತಳಿಗಳನ್ನು ಅಭಿವೃದ್ಧಿಪಡಿಸಿತು. ಮರಿಯೊಡೆದ 5-6 ವಾರಕ್ಕೆ ಮಾರಾಟಕ್ಕೆ ಸಿದ್ಧವಾಗುವ ಹಕ್ಕಿ ಸುಮಾರು 200 ಗ್ರಾಂ ತೂಗುತ್ತದೆ. ಬೆಂಗಳೂರಿನ ಶಿವಾಜಿನಗರದಲ್ಲಿ, ರಂಜಾನ್ ತಿಂಗಳಿನಲ್ಲಿ ಫ್ರೇಜರ್ ಟೌನ್‌ನ ಮಸೀದಿ ರಸ್ತೆಯ ಅಂಗಡಿಗಳಲ್ಲಿ ಮಸಾಲೆ ಹಚ್ಚಿ ಸಾಲಾಗಿ ಜೋಡಿಸಿಟ್ಟ ಇಡೀ ಗೌಜಲಕ್ಕಿಗಳನ್ನು ನೋಡಿದವರು ಬಹಳ ಜನ. ಅದೇ ಹಕ್ಕಿಯ ಕೀಮಾ ಮಾಡಿ ಸಲಾಕೆಗೆ ಹಚ್ಚುವವರು ಕಡಿಮೆ.

ಹೊಲದ ಬದುವಿನಲ್ಲಿ ಕೂಗುವ ಗೌಜುಗ, ಹುಲ್ಲುಗಾವಲಿನಿಂದ ಪುರ್ರನೆ ಏಳುವ ಲಾವಕ್ಕಿ, ಮಲೆನಾಡಿನ ಕಾಡುಕೋಳಿ ಇವುಗಳ ಮಾತೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವುಗಳನ್ನು ಹಿಡಿಯುವುದೂ ಕೊಲ್ಲುವುದೂ ಮಾರುವುದೂ ಅಪರಾಧ. 2022ರ ತಿದ್ದುಪಡಿಯ ನಂತರ ಇಂಥ ಅಪರಾಧಗಳಿಗೆ ಸಾಮಾನ್ಯವಾಗಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಜೀವಿ ಮೊದಲ ಪಟ್ಟಿಯಲ್ಲಿದ್ದರೆ ಶಿಕ್ಷೆ ಇನ್ನೂ ಕಠಿಣ. ‘ಕಾಡಿನದ್ದಕ್ಕೆ ರುಚಿ ಜಾಸ್ತಿ’ ಎಂದು ಬಲೆಗೆ ಬಿದ್ದ ಹಕ್ಕಿಯನ್ನು ಗುಟ್ಟಾಗಿ ಮಾರಲು ಬರುವವರಿಗೆ ಬೇಡ ಎನ್ನುವುದೇ ಸರಿ. ಕಬಾಬ್‌ಗಾಗಿ ಕಾಡುಹಕ್ಕಿಯನ್ನು ಕೊಲ್ಲಬೇಕಾದ ಅಗತ್ಯ ಯಾರಿಗೂ ಇಲ್ಲ.

ಮಾಂಸವನ್ನು ಸಲಾಕೆಗೆ ಚುಚ್ಚಿ ಕೆಂಡದಲ್ಲಿ ಸುಡುವುದು ಕನ್ನಡ ನೆಲಕ್ಕೆ ಹೊಸದೇನಲ್ಲ. ಕಲ್ಯಾಣದಿಂದ, ಅಂದರೆ ಈಗಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ ರಚನೆಯಾದದ್ದು 1129ರ ಸುಮಾರಿಗೆ. ಅದರ ಅನ್ನಭೋಗದ ಭಾಗದಲ್ಲಿ ಮಾಂಸದ ತುಂಡುಗಳಿಗೆ ಮಸಾಲೆ ಹತ್ತಿಸಿ ಕೆಂಡದ ಮೇಲೆ ಸುಡುವ ವಿಧಾನ ಬರುತ್ತದೆ. 15ನೇ ಶತಮಾನದ ಕೊನೆಯಲ್ಲಿ ಮಾಂಡುವಿನ ಸುಲ್ತಾನ ಘಿಯಾಸ್ ಶಾಹನಿಗಾಗಿ ಶುರುವಾದ ಸಚಿತ್ರ ಪಾಕಗ್ರಂಥ ‘ನಿಮತ್‌ನಾಮಾ’ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಗೌಜುಗ, ಲಾವಕ್ಕಿಗಳ ಅಡುಗೆ ಅದರಲ್ಲಿದೆ. ಇಂದು ನಾವು ಕಾಣುವ ನುಣುಪಾದ ಸೀಖ್ ಕಬಾಬ್ ಬಂದಿರುವುದು ದೆಹಲಿ, ಲಖನೌಗಳ ಅಡುಗೆಮನೆಯಿಂದ. ಲಖನೌ ಪಕ್ಕದ ಕಾಕೋರಿ ಊರಿನ ಹೆಸರು ಹೊತ್ತ ಕಬಾಬ್ ಸಲಾಕೆಯ ಮೇಲೆ ಬೇಯುತ್ತದೆ. ಲಖನೌದ ಪ್ರಸಿದ್ಧ ಗಲೌಟಿ ಸಲಾಕೆ ಏರುವುದಿಲ್ಲ, ತವಾದ ಮೇಲೆ ತುಪ್ಪದಲ್ಲಿ ಬೇಯುತ್ತದೆ. ಇದೇ ಪರಂಪರೆ ವಿದೇಶಕ್ಕೂ ಹೋಗಿದೆ. ಲಂಡನ್ನಿನ ಮೇಫೇರ್‌ನಲ್ಲಿ 2013ರಲ್ಲಿ ತೆರೆದು, 2024ರಲ್ಲಿ ಎರಡನೇ ಮಿಶೆಲಿನ್ ತಾರೆ ಗಳಿಸಿದ ಜಿಮ್‌ಖಾನಾ ರೆಸ್ಟೊರೆಂಟಿನ ಮೆನುವಿನಲ್ಲಿ ಗೌಜಲಕ್ಕಿಯ ಗಿಲಾಫಿ ಸೀಖ್ ಕಬಾಬ್ ಕಾಣಿಸಿಕೊಂಡಿತ್ತು. ಸಣ್ಣಗೆ ಹೆಚ್ಚಿದ ಈರುಳ್ಳಿ, ದಪ್ಪಮೆಣಸಿನಕಾಯಿಗಳ ಹೊದಿಕೆ ಹಾಕಿ ಸುಡುವುದು ಗಿಲಾಫಿ.

ಈಗ ಲೆಕ್ಕಕ್ಕೆ ಬರೋಣ. ಶುಚಿ ಮಾಡಿದ ಒಂದು ಹಕ್ಕಿ 130ರಿಂದ 150 ಗ್ರಾಂ ತೂಗುತ್ತದೆ. ಮೂಳೆ ಬಿಡಿಸಿದರೆ ಕೈಗೆ ಸಿಗುವುದು 70-75 ಗ್ರಾಂ. ಆದ್ದರಿಂದ ನಾಲ್ಕೈದು ಜನಕ್ಕೆ 8 ಹಕ್ಕಿ ಬೇಕು, ಅದರಿಂದ 600 ಗ್ರಾಂ ಹತ್ತಿರ ಮಾಂಸ ಬರುತ್ತದೆ. ಚರ್ಮ ಸುಲಿಸದೆ, ಪುಕ್ಕ ಮಾತ್ರ ತೆಗೆಸಿ ತಂದರೆ ಒಳ್ಳೆಯದು. ಗೌಜಲಕ್ಕಿಯ 100 ಗ್ರಾಂ ಬರಿ ಮಾಂಸದಲ್ಲಿ ಕೊಬ್ಬು ಸುಮಾರು 4.5 ಗ್ರಾಂ. ಚರ್ಮವೂ ಸೇರಿದರೆ ಅದು 12 ಗ್ರಾಂ ಆಗುತ್ತದೆ. ಬಹುತೇಕ ಅಂಗಡಿಗಳಲ್ಲಿ ಕೇಳುವ ಮೊದಲೇ ಚರ್ಮ ಎಳೆದುಬಿಡುತ್ತಾರೆ, ಹಾಗಾಗಿ ಮುಂಚೆಯೇ ಹೇಳಿಡಬೇಕು.

ಮೂಳೆ ಬಿಡಿಸುವುದು ತಾಳ್ಮೆಯ ಕೆಲಸ, ಕಷ್ಟದ ಕೆಲಸವಲ್ಲ. ಎದೆಯ ನಡುಮೂಳೆಯ ಎರಡೂ ಪಕ್ಕದಲ್ಲಿ ಸಣ್ಣ ಚೂಪು ಚಾಕು ಇಳಿಸಿ, ಪಕ್ಕೆಲುಬಿಗೆ ಒತ್ತಿಕೊಂಡೇ ಸವರುತ್ತ ಹೋದರೆ ಎದೆಯ ಎರಡು ಹೋಳುಗಳು ಇಡಿಯಾಗಿ ಬರುತ್ತವೆ. ಕೋಳಿಯ ಎದೆ ಬೆಳ್ಳಗಿದ್ದರೆ ಗೌಜಲಕ್ಕಿಯದು ಕಡುಗೆಂಪು. ರೆಕ್ಕೆ ಬಡಿಯುವ ಸ್ನಾಯುವಿನಲ್ಲಿ ಕೆಂಪು ಎಳೆಗಳೇ ಹೆಚ್ಚಿರುವುದು ಇದಕ್ಕೆ ಕಾರಣ, ಅದರ ಗಾಢ ರುಚಿಯೂ ಅಲ್ಲಿಂದಲೇ ಬರುತ್ತದೆ. ತೊಡೆಯ ಮೂಳೆಯುದ್ದಕ್ಕೂ ಸೀಳಿ ಮಾಂಸ ಕೆರೆದು ತೆಗೆಯಬೇಕು. ಕೆಳಗಾಲು, ರೆಕ್ಕೆಗಳಲ್ಲಿ ಸಿಗುವುದು ಚೂರೇ ಚೂರು. ಅವನ್ನು ಬೆನ್ನಿನ ಗೂಡಿನ ಜೊತೆ ಸೇರಿಸಿ ಮೆಣಸಿನ ಸಾರು ಮಾಡುವುದು ಜಾಣತನ. ಬಿಡಿಸಿದ ಮಾಂಸದ ಮೇಲೆ ಒಮ್ಮೆ ಬೆರಳಾಡಿಸಿ ನೋಡಬೇಕು. ಈ ಹಕ್ಕಿಯ ಪಕ್ಕೆಲುಬು ಸೂಜಿಯಷ್ಟು ತೆಳು, ಒಂದು ಚೂರು ಉಳಿದರೂ ಮಕ್ಕಳ ಗಂಟಲಿಗೆ ಅಪಾಯ.

ಚರ್ಮದ ಕೊಬ್ಬು ಇದ್ದರೂ ಕೆಂಡದ ಶಾಖಕ್ಕೆ ಅದು ಸಾಲುವುದಿಲ್ಲ. 600 ಗ್ರಾಂ ಮಾಂಸಕ್ಕೆ 100 ಗ್ರಾಂ ಕುರಿಯ ಕೊಬ್ಬು ಸೇರಿಸಿದರೆ ಸರಿಹೋಗುತ್ತದೆ. ಮೂತ್ರಪಿಂಡದ ಸುತ್ತಲಿನ ಗಟ್ಟಿ ಬಿಳಿ ಕೊಬ್ಬನ್ನು ಮಟನ್ ಅಂಗಡಿಯಲ್ಲಿ ಗುರ್ದೆ ಚರ್ಬಿ ಎಂದು ಕೇಳಿ ಪಡೆಯಬಹುದು. ಅದು ನಿಧಾನವಾಗಿ ಕರಗುವುದರಿಂದ ಕಬಾಬ್ ಬೇಯುವಷ್ಟೂ ಹೊತ್ತು ಒಳಗಿನಿಂದ ತೇವ ಕೊಡುತ್ತಿರುತ್ತದೆ. ಕುರಿಯ ವಾಸನೆ ಆಗದವರು ಕೋಳಿಯ ಚರ್ಮ ಹಾಕಬಹುದು. ಗಟ್ಟಿಯಾಗಿ ತಣಿಸಿ ತುರಿದ ಬೆಣ್ಣೆಯೂ ನಡೆಯುತ್ತದೆ, ಆದರೆ ಬೇಗ ಕರಗಿ ಕೆಂಡಕ್ಕೆ ತೊಟ್ಟಿಕ್ಕುತ್ತದೆ. ಕುರಿಕೊಬ್ಬೇ ಉತ್ತಮ.

ಮಾಂಸ, ಕೊಬ್ಬು ಎರಡನ್ನೂ ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು, ಅಂಚು ಗಟ್ಟಿಯಾದ ಮೇಲೆ ಕೀಮಾ ಯಂತ್ರದಲ್ಲಿ ಎರಡು ಸಲ ಹಾಯಿಸಬೇಕು. ಯಂತ್ರ ಇಲ್ಲದಿದ್ದರೆ ಭಾರದ ಕತ್ತಿಯಿಂದ ಕೊಚ್ಚಬಹುದು. ಹೀಗೆ ಕೊಚ್ಚಿದ ಕೀಮಾದ ರುಚಿ ಒಂದು ಕೈ ಮೇಲೆಯೇ. ಮಿಕ್ಸಿ ಬಳಸಲೇಬೇಕಾದರೆ ಜಾರನ್ನೂ ಫ್ರೀಜರಿನಲ್ಲಿಟ್ಟು, ಸ್ವಲ್ಪ ಸ್ವಲ್ಪವೇ ಹಾಕಿ, ಒಂದೆರಡು ಸೆಕೆಂಡಿನಂತೆ ತಿರುಗಿಸಿ ನಿಲ್ಲಿಸುತ್ತ ಹೋಗಬೇಕು. ಒಂದೇ ಸಮನೆ ತಿರುಗಿಸಿದರೆ ಬಿಸಿಗೆ ಕೊಬ್ಬು ಕರಗಿ ಮಾಂಸಕ್ಕೆ ಮೆತ್ತಿಕೊಳ್ಳುತ್ತದೆ. ಆ ಕೀಮಾ ಸಲಾಕೆ ಹಿಡಿಯುವುದಿಲ್ಲ.

ನೀರು ಇನ್ನೊಂದು ಶತ್ರು. ಹೆಚ್ಚಿದ ಹಸಿ ಈರುಳ್ಳಿಯನ್ನು ನೇರವಾಗಿ ಸುರಿಯುವುದೇ ಕೀಮಾ ಉದುರುವುದಕ್ಕೆ ದೊಡ್ಡ ಕಾರಣ. ಒಂದು ದೊಡ್ಡ ಈರುಳ್ಳಿಯನ್ನು ತುರಿದು, ಉಪ್ಪು ಚಿಮುಕಿಸಿ, ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಗಟ್ಟಿಯಾಗಿ ಹಿಂಡಬೇಕು. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸನ್ನೂ ನೀರು ಹಾಕದೆ ಜಜ್ಜಿಕೊಳ್ಳಬೇಕು. ಕೊತ್ತಂಬರಿ ತೊಳೆದ ನಂತರ ಪೂರ್ತಿ ಒಣಗಿರಬೇಕು. ಲಖನೌದಲ್ಲಿ ಉಳಿದ ತೇವ ಹೀರಲು ಹುರಿದ ಕಡಲೆಯ ಪುಡಿ ಬಳಸುತ್ತಾರೆ. ಕನ್ನಡಿಗರ ಅಡುಗೆಮನೆಯಲ್ಲಿ ಚಟ್ನಿಗೆಂದು ಹುರಿಗಡಲೆ ಇದ್ದೇ ಇರುತ್ತದೆ. ಅದರ ನುಣ್ಣನೆಯ ಪುಡಿ ಎರಡು ದೊಡ್ಡ ಚಮಚ ಸಾಕು. ಮೂರು ನಾಲ್ಕು ಚಮಚ ಹಾಕಿದರೆ ಬಾಯಿಗೆ ಹಿಟ್ಟು ಸಿಗುತ್ತದೆ. ಮೊಟ್ಟೆ ಬೇಡ, ಅದು ಕಬಾಬನ್ನು ಬಿರುಸು ಮಾಡುತ್ತದೆ. ಗಲೌಟಿಗೆ ಹಾಕುವ ಹಸಿ ಪಪ್ಪಾಯಿಯೂ ಬೇಡ. 5-6 ವಾರದ ಹಕ್ಕಿ ಎಳೆಯದೇ, ಪಪ್ಪಾಯಿ ಬಿದ್ದರೆ ಕೀಮಾ ಹಿಟ್ಟಿನ ಗಂಜಿಯಾಗಿ ಜಾರುತ್ತದೆ.

ಮಸಾಲೆ ಮಿತವಾಗಿರಲಿ, ಹಕ್ಕಿಯ ರುಚಿ ಮುಚ್ಚಿಹೋಗಬಾರದು. ಒಂದು ಚಮಚ ಜೀರಿಗೆ, ಒಂದು ಚಮಚ ಕಾಳುಮೆಣಸು, ನಾಲ್ಕು ಏಲಕ್ಕಿ, ಎರಡು ಎಸಳು ಜಾಪತ್ರೆ, ಹತ್ತು ಬಾಲಮೆಣಸು, ಒಂದು ಚಿಟಿಕೆ ಕಲ್ಲುಹೂವು ಇಷ್ಟನ್ನು ಬೆಚ್ಚಗೆ ಹುರಿದು ಪುಡಿ ಮಾಡಿದರೆ ಆಯಿತು. ಕಲ್ಲುಹೂವು ಲಖನೌ ಸುತ್ತಲಿನ ಅವಧ್‌ನ ಕಬಾಬ್‌ಗಳಲ್ಲೂ ಇದೆ, ನಮ್ಮ ಮಸಾಲೆ ಪುಡಿಯಲ್ಲೂ ಇದೆ. ಹುರಿದಾಗಲೇ ಅದರ ಹೊಗೆವಾಸನೆ ಬಿಡುವುದು.

ಬಣ್ಣಕ್ಕೆ ಎರಡು ಚಮಚ ಬ್ಯಾಡಗಿ ಮೆಣಸಿನ ಪುಡಿ ಸಾಕು. 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಈ ಮೆಣಸಿನಲ್ಲಿ ಖಾರ ಕಡಿಮೆ, ಕೆಂಪು ಹೆಚ್ಚು. ನಮ್ಮ ಬಹುಪಾಲು ಊರುಗಳಲ್ಲಿ ಕಬಾಬ್ ಎಂದು ಮಾರುವುದು ಎಣ್ಣೆಯಲ್ಲಿ ಕರಿದ ಕೆಂಪು ಕೋಳಿ ತುಂಡನ್ನು. ಅದರ ಕಣ್ಣು ಕುಕ್ಕುವ ಬಣ್ಣ ಎಲ್ಲಿಂದ ಬರುತ್ತದೆಂಬುದು 2024ರಲ್ಲಿ ಬಯಲಾಯಿತು. ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಪರೀಕ್ಷಿಸಿದ 39 ಕಬಾಬ್ ಮಾದರಿಗಳಲ್ಲಿ 8ರಲ್ಲಿ ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್‌ನಂಥ ಕೃತಕ ಬಣ್ಣಗಳು ಸಿಕ್ಕವು. ಆ ಜೂನ್‌ನಲ್ಲೇ ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ ನಿಷೇಧಿಸಿತು. ಮನೆಯಲ್ಲಿ ಸುಟ್ಟ ಗೌಜಲಕ್ಕಿ ಕಬಾಬ್ ಕಂದುಗೆಂಪಾಗಿರುತ್ತದೆ. ಅದೇ ಅದರ ನಿಜವಾದ ಬಣ್ಣ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ನಾದುವ ಹಂತ. 700 ಗ್ರಾಂ ಕೀಮಾಕ್ಕೆ ತೂಗಿದ 10 ಗ್ರಾಂ ಉಪ್ಪು ಹಾಕಿ, ಬೇರೇನೂ ಸೇರಿಸದೆ ಮೊದಲು ಉಪ್ಪಿನೊಂದಿಗೇ ನಾದಬೇಕು. ಉಪ್ಪು ಮಾಂಸದ ಎಳೆಗಳಿಂದ ಮಯೋಸಿನ್ ಎಂಬ ಪ್ರೋಟೀನನ್ನು ಹೊರಗೆಳೆಯುತ್ತದೆ. ಕೀಮಾದ ಅಂಟು ಎಂದರೆ ಅದೇ. ಅಂಗೈಯ ಬುಡದಿಂದ ಪಾತ್ರೆಯ ಗೋಡೆಗೆ ಒತ್ತಿ, ಮಡಚಿ, ಮತ್ತೆ ಒತ್ತುತ್ತಿದ್ದರೆ ಮೊದಲು ಪುಡಿಪುಡಿಯಾಗಿದ್ದ ಕೀಮಾ ಎರಡು ಮೂರು ನಿಮಿಷಕ್ಕೆ ಮುದ್ದೆ ಕಟ್ಟುತ್ತದೆ. ಐದಾರು ನಿಮಿಷಕ್ಕೆ ಮೇಲ್ಮೈ ಮಂಕಾಗಿ ಪಾತ್ರೆಗೆ ಅಂಟತೊಡಗುತ್ತದೆ. ಚಿಟಿಕೆಯಷ್ಟು ಎಳೆದರೆ ತುಂಡಾಗದೆ ಬಿಳಿ ನಾರಿನಂತೆ ಹಿಗ್ಗುತ್ತದೆ. ಅಂಗೈಗೆ ಹಚ್ಚಿ ಬೋರಲು ಹಿಡಿದರೂ ಬೀಳದಿದ್ದರೆ ಹದ ಬಂದಿದೆ ಎಂದರ್ಥ. ಮಸಾಲೆ, ಹಿಂಡಿದ ಈರುಳ್ಳಿ, ಹುರಿಗಡಲೆ ಪುಡಿ ಸೇರಿಸಬೇಕಾದದ್ದು ಆಮೇಲೆ. ಕೈಗೆ ಎಣ್ಣೆ ಜಿಡ್ಡು ಹತ್ತತೊಡಗಿದರೆ ಕೊಬ್ಬು ಕರಗುತ್ತಿದೆ ಎಂದು ತಿಳಿದು, ತಕ್ಷಣ ಪಾತ್ರೆಯನ್ನು ಫ್ರಿಜ್‌ಗೆ ಸೇರಿಸಬೇಕು. ಎಲ್ಲ ಬೆರೆತ ನಂತರ ಎರಡು ಗಂಟೆ ಫ್ರಿಜ್‌ನಲ್ಲೇ ಇರಲಿ. ಉಪ್ಪು, ಖಾರ ನೋಡಲು ಹಸಿ ಕೀಮಾ ಬಾಯಿಗೆ ಹಾಕಿಕೊಳ್ಳಬಾರದು, ಒಂದು ಬಿಲ್ಲೆ ತಟ್ಟಿ ತವಾದ ಮೇಲೆ ಬೇಯಿಸಿ ನೋಡಬೇಕು.

ಕೀಮಾ ತಣಿಯುವ ಹೊತ್ತಿಗೆ ಇದ್ದಿಲು. ಬಯಲುಸೀಮೆಯಲ್ಲಿ ಎಲ್ಲೆಂದರಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯ ಇದ್ದಿಲು ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಗಟ್ಟಿ ಮರವಾದ್ದರಿಂದ ಕೆಂಡ ಹೆಚ್ಚು ಹೊತ್ತು ನಿಲ್ಲುತ್ತದೆ. ತೆಂಗಿನ ಚಿಪ್ಪಿನ ಇದ್ದಿಲಿಗೆ ಶಾಖ ಹೆಚ್ಚು. ಎರಡನ್ನೂ ಬೆರೆಸಬಹುದು. ಹೊತ್ತಿಸಲು ಸೀಮೆಎಣ್ಣೆ ಸುರಿಯಲೇಬಾರದು. ವಾಸನೆ ಮಾಂಸಕ್ಕೆ ಹತ್ತುತ್ತದೆ, ಉರಿ ಮೈಗೆ ಹಾರುವ ಅಪಾಯವೂ ಇದೆ. ತೆಂಗಿನ ನಾರು, ಒಣ ಪುರುಲೆ, ಒಂದು ತುಂಡು ಕರ್ಪೂರ ಇವೇ ಸಾಕು. 25-30 ನಿಮಿಷಕ್ಕೆ ಉರಿಯೆಲ್ಲ ಅಡಗಿ ಕೆಂಡದ ಮೇಲೆ ತೆಳುವಾದ ಬೂದಿ ಕಟ್ಟುತ್ತದೆ. ಆಗ ಸಲಾಕೆ ಬರುವ ಎತ್ತರದಲ್ಲಿ ಅಂಗೈ ಹಿಡಿದು ನೋಡಬೇಕು. ಮೂರು ನಾಲ್ಕು ಸೆಕೆಂಡಿಗೆ ಕೈ ಎಳೆದುಕೊಳ್ಳುವಂತಾದರೆ ಶಾಖ ಸರಿಯಿದೆ. ಒಂದು ಬದಿಗೆ ಕೆಂಡ ದಟ್ಟವಾಗಿ, ಇನ್ನೊಂದು ಬದಿಗೆ ತೆಳುವಾಗಿ ಹರಡಿರಲಿ.

ಇದೆಲ್ಲ ಬಯಲಿನಲ್ಲೇ ನಡೆಯಬೇಕು. ಇದ್ದಿಲಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮುಚ್ಚಿದ ಬಾಲ್ಕನಿಯಲ್ಲಿ, ಅಡುಗೆಮನೆಯಲ್ಲಿ, ಮಳೆ ಬಂತೆಂದು ಕಾರ್ ನಿಲ್ಲಿಸುವ ಕೊಠಡಿಯಲ್ಲಿ ಅಗ್ಗಿಷ್ಟಿಕೆ ಹಚ್ಚುವುದು ಪ್ರಾಣಕ್ಕೇ ಕುತ್ತು. ಆರಿದಂತೆ ಕಾಣುವ ಕೆಂಡವನ್ನೂ ಒಳಗೆ ತರಬಾರದು, ನೀರು ಹಾಕಿ ಪೂರ್ತಿ ನಂದಿಸಬೇಕು.

ಸಲಾಕೆ ಚೌಕವಾಗಿರಬೇಕು ಅಥವಾ ಚಪ್ಪಟೆಯಾಗಿರಬೇಕು, 8-10 ಮಿ.ಮೀ. ಅಗಲವಿದ್ದರೆ ಚೆನ್ನ. ಪನೀರ್ ಟಿಕ್ಕಾದ ಸಪೂರ ದುಂಡು ಕಡ್ಡಿಯನ್ನು ತಿರುಗಿಸಿದರೆ ಕಡ್ಡಿ ಮಾತ್ರ ತಿರುಗುತ್ತದೆ, ಕೀಮಾ ಇದ್ದಲ್ಲೇ ಇರುತ್ತದೆ. ಅಗ್ಗಿಷ್ಟಿಕೆಯ ಮೇಲೆ ಜಾಲರಿ ಬೇಡ, ಹಸಿ ಕೀಮಾ ಅದಕ್ಕೆ ಅಂಟಿ ಕಿತ್ತುಬರುತ್ತದೆ. ಎರಡು ಬದಿಗೆ ಇಟ್ಟಿಗೆ ಜೋಡಿಸಿ, ಕೆಂಡಕ್ಕೂ ಮಾಂಸಕ್ಕೂ 10-12 ಸೆಂ.ಮೀ. ಅಂತರ ಇರುವಂತೆ ಸಲಾಕೆಯನ್ನು ಅಡ್ಡಲಾಗಿ ಇಟ್ಟರೆ ಸಾಕು.

80 ಗ್ರಾಂ ತೂಗುವ ಉಂಡೆ ಮಾಡಿ, ನಡುವೆ ಸಲಾಕೆ ಹಾಯಿಸಿ, ಒದ್ದೆ ಕೈಯಿಂದ ಮೇಲಿನಿಂದ ಕೆಳಕ್ಕೆ ಹಿಸುಕುತ್ತ ಹೆಬ್ಬೆರಳಿನ ದಪ್ಪಕ್ಕೆ ಹರಡಬೇಕು. ಒಳಗೆ ಗಾಳಿ ಉಳಿದರೆ ಬಿಸಿಗೆ ಅದು ಹಿಗ್ಗಿ ಕಬಾಬ್ ಬಿರಿಯುತ್ತದೆ. ಎರಡೂ ತುದಿಯನ್ನು ಸಲಾಕೆಗೆ ಒತ್ತಿ ಮೊನಚು ಮಾಡಿ, ಮೈಮೇಲೆ ಬೆರಳಿನಿಂದ ಸಣ್ಣ ಹಳ್ಳಗಳನ್ನು ಮೂಡಿಸಬೇಕು. ಈ ಹಳ್ಳಗಳಲ್ಲಿ ಆಮೇಲೆ ಸವರುವ ತುಪ್ಪ ನಿಲ್ಲುತ್ತದೆ.

ಮೊದಲು ದಟ್ಟ ಕೆಂಡದ ಮೇಲೆ. ಒಂದು ನಿಮಿಷ ಮುಟ್ಟದೆ ಬಿಟ್ಟು, ಕೆಳಮೈ ಬಿಳಿಚಿ ಗಟ್ಟಿಯಾದಾಗ ಕಾಲು ಸುತ್ತು ತಿರುಗಿಸಬೇಕು. ನಾಲ್ಕೂ ಬದಿ ಹೀಗೆ ಬಿಗಿಯಾದರೆ ಇನ್ನು ಬೀಳುವ ಭಯವಿಲ್ಲ. ಆಮೇಲೆ ತೆಳು ಕೆಂಡದ ಕಡೆಗೆ ಸರಿಸಿ, ತಿರುಗಿಸುತ್ತಲೇ ಇರಬೇಕು. ಒಟ್ಟು 8ರಿಂದ 10 ನಿಮಿಷ ಸಾಕಾಗುತ್ತದೆ. ಕೊಬ್ಬು ತೊಟ್ಟಿಕ್ಕಿ ಉರಿ ಎದ್ದರೆ ಸಲಾಕೆಯನ್ನು ಪಕ್ಕಕ್ಕೆ ಎತ್ತಿ, ಉರಿ ಅಡಗುವವರೆಗೆ ಕಾಯಬೇಕು. ಉರಿಯ ಮಸಿ ಕಹಿ, ಆರೋಗ್ಯಕ್ಕೂ ಒಳ್ಳೆಯದಲ್ಲ. ಹಕ್ಕಿಯ ಕೀಮಾ ನಡುಭಾಗದಲ್ಲಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಇಡೀ ಮಾಂಸದ ಹೊರಮೈಯಲ್ಲಿರುವ ಬ್ಯಾಕ್ಟೀರಿಯಾ ಕೀಮಾ ಮಾಡಿದಾಗ ಒಳಕ್ಕೂ ಸೇರುವುದರಿಂದ ಅರೆಬೆಂದ ಕಬಾಬ್ ತಿನ್ನುವ ಹಾಗಿಲ್ಲ. ಸೂಜಿ ಥರ್ಮಾಮೀಟರ್ ಕೊಂಡರೆ ಈ ಒಂದು ಅಡುಗೆಗಷ್ಟೇ ಅಲ್ಲ, ಮನೆಯ ಎಲ್ಲ ಮಾಂಸದಡುಗೆಗೂ ಉಪಯೋಗ. ಕೊನೆಯ ನಿಮಿಷದಲ್ಲಿ ತುಪ್ಪ ಸವರಿ, ಒಂದು ಸುತ್ತು ದಟ್ಟ ಕೆಂಡಕ್ಕೆ ತೋರಿಸಿ ಇಳಿಸಬೇಕು. ಮೂರು ನಿಮಿಷ ಆರಿದ ಮೇಲೆ ಬಟ್ಟೆಯಿಂದ ಹಿಡಿದು ಮೆಲ್ಲಗೆ ತಿರುಚಿದರೆ ಕಬಾಬ್ ಇಡಿಯಾಗಿ ಜಾರಿ ತಟ್ಟೆಗೆ ಬರುತ್ತದೆ.

ಜೊತೆಗೆ ಪುದೀನ ಚಟ್ನಿ, ತೆಳ್ಳಗೆ ಹೆಚ್ಚಿದ ಈರುಳ್ಳಿ, ರುಮಾಲಿ ರೊಟ್ಟಿ ಇದ್ದರೆ ಸಾಕು. ನಿಂಬೆಹಣ್ಣಿನ ಬದಲು ಕೊಡಗಿನ ಕಾಚಂಪುಳಿಯ ನಾಲ್ಕು ಹನಿ ಚಿಮುಕಿಸಿ ನೋಡಬೇಕು. ಅದರ ಆಳವಾದ ಹುಳಿ ಈ ಕೆಂಪು ಮಾಂಸಕ್ಕೆ ನಿಂಬೆಗಿಂತ ಚೆನ್ನಾಗಿ ಒಗ್ಗುತ್ತದೆ.

ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಇದೇ ವಿಧಾನದಲ್ಲಿ ಫೆಸೆಂಟ್ ಹಕ್ಕಿಯ ಕಬಾಬ್ ಮಾಡುವ ಅವಕಾಶವಿದೆ. ಇಂಗ್ಲೆಂಡಿನಲ್ಲಿ ಅಕ್ಟೋಬರ್ 1ರಿಂದ ಫೆಬ್ರುವರಿ 1ರವರೆಗೆ ಅದರ ಬೇಟೆಗೆ ಕಾನೂನಿನ ಅನುಮತಿ ಇದೆ, ಮಾಂಸದಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಅದರ ಮಾಂಸ ಗೌಜಲಕ್ಕಿಯದಕ್ಕಿಂತ ಒಣ, ಹಾಗಾಗಿ ಕೊಬ್ಬು ಐದನೇ ಒಂದು ಭಾಗದಷ್ಟಿರಲಿ. ಕೆಳಗಾಲಿನ ಗಟ್ಟಿ ನರಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು, ಇಲ್ಲದಿದ್ದರೆ ಕೀಮಾ ಯಂತ್ರಕ್ಕೆ ಸುತ್ತಿಕೊಳ್ಳುತ್ತವೆ. ಕೋವಿಯಿಂದ ಹೊಡೆದ ಹಕ್ಕಿಯಾದ್ದರಿಂದ ಸೀಸದ ಗುಂಡಿನ ಚೂರುಗಳಿರಬಹುದು. ಗಾಯದ ಸುತ್ತಲಿನ ಮಾಂಸವನ್ನು ಕತ್ತರಿಸಿ ಎಸೆಯಬೇಕು. ಸೀಸದಿಂದ ಹೊಡೆದ ಬೇಟೆಮಾಂಸವನ್ನು ಪದೇ ಪದೇ ತಿನ್ನುವವರು ಅದನ್ನು ಕಡಿಮೆ ಮಾಡಬೇಕೆಂದು ಅಲ್ಲಿನ ಆಹಾರ ಗುಣಮಟ್ಟ ಸಂಸ್ಥೆಯ ಸಲಹೆ ಇದೆ. ಚಿಕ್ಕ ಮಕ್ಕಳು, ಬಸುರಿಯರ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು.

ಹಸಿ ಕೀಮಾ ಉಳಿದರೆ ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿಟ್ಟು ಮರುದಿನವೇ ತವಾದ ಮೇಲೆ ಬಿಲ್ಲೆ ಮಾಡಿ ಮುಗಿಸಬೇಕು. ಸುಟ್ಟ ಕಬಾಬ್ ಮತ್ತೆ ಬಿಸಿ ಮಾಡಿದರೆ ಕೊಬ್ಬು ಸೋರಿ ಒಣಗುತ್ತದೆ, ಹಾಗಾಗಿ ತಿನ್ನುವವರು ಕೂತ ಮೇಲೆಯೇ ಸಲಾಕೆ ಕೆಂಡಕ್ಕೆ ಹೋಗಲಿ. ಮೊದಲ ಸಲ ಮಾಡುವವರು ಅರ್ಧ ಕೆ.ಜಿ. ಕೋಳಿತೊಡೆಯ ಮಾಂಸದಲ್ಲಿ ನಾದುವುದು, ಸಲಾಕೆಗೆ ಒತ್ತುವುದು, ತಿರುಗಿಸುವುದು ಇಷ್ಟನ್ನು ಕೈಗೆ ಪಳಗಿಸಿಕೊಳ್ಳಲಿ. ಎಂಟು ಗೌಜಲಕ್ಕಿ ತರುವುದು ಅದರ ನಂತರ.